ಮದ್ದು, ಮಂದು

ಬೆಂಗಳೂರು
೧೨ ಜೂನ್ ೧೯೯೪

ಪ್ರೀತಿಯ ನಾಯ್ನನಿಗೆ ಅಕ್ಕಯಮ್ಮನ ನಮಸ್ಕಾರ.

ಕಾಗದ ಕನ್ನಡದಲ್ಲಿದ್ದರೂ ನಾಯ್ನ ಅಂತಲೇ ಬರೆದಿದ್ದೇನೆ. ಅಪ್ಪ ಅಂತ ಬರೆದರೆ ಇದು ಬೇರೆ ಯಾರದೋ ಮನೆಯ ಕಾಗದ ಅಂತ ವಾಪಸ್ಸು ಕಳಿಸುವ ಆಸಾಮಿ ನೀನು. ಮನೆಯಲ್ಲಿ ಆಡಿದ್ದು ತೆಲುಗು, ಇಸ್ಕೂಲಿನಲ್ಲಿ ಕಲಿತದ್ದು ಕನ್ನಡ, ಏನು ಮಾಡಲಿ? ಹಾಲಿನ ಡೈರಿಯಲ್ಲಿ ಸೆಕ್ರೆಟರಿ ಕೋನಪ್ಪನವರು ಓದಿ, ಬರಹದ ಕನ್ನಡ ನಿನಗೆ ಹತ್ತುವುದಿಲ್ಲ ಅಂತ ಸಾಲು ಸಾಲೂ ತೆಲುಗಿಗೆ ತಿರುಗಿಸಿ ಹೇಳುತ್ತಾರೆ. ನೀನು ಮೆಟ್ಟಿಲ ಕೆಳಗೆ ನಿಂತು ಮೀಸೆ ತಿರುವುತ್ತಾ ಕೇಳುತ್ತೀಯ. ಹಾಲು ಹಾಕಲು ಬಂದವರೆಲ್ಲ ನನ್ನ ಕ್ಷೇಮಸಮಾಚಾರ ತಿಳಿದುಕೊಂಡು ಮನೆಗೆ ಹೋಗುತ್ತಾರೆ. ಭಾನುವಾರ ಶಿಡ್ಲಘಟ್ಟದಿಂದ ತಮ್ಮ ಚಲಪತಿ ಬರುತ್ತಾನೆ, ಅವನ ಕೈಲಿ ಓದಿಸು ಅಂದರೆ ಅಲ್ಲಿಯವರೆಗೆ ನಿನಗೆ ತಡೆಯುವುದಿಲ್ಲ. ಊರಿಗೆಲ್ಲ ಕೇಳಿಸದಿದ್ದರೆ ಮಗಳ ಕಾಗದ ಬಂದದ್ದೇ ದಂಡ ನಿನಗೆ.

ನಾನು ಚೆನ್ನಾಗಿದ್ದೇನೆ. ಹಾಸ್ಟೆಲಿನಲ್ಲಿ ಎಲ್ಲರೂ ನನ್ನನ್ನು ಅಕ್ಕಾ ಅನ್ನುತ್ತಾರೆ, ನನಗಿಂತ ದೊಡ್ಡವರೂ. ಅಜ್ಜಿಯ ಹೆಸರಿಟ್ಟು ಒಳ್ಳೆಯ ಕೆಲಸ ಮಾಡಿದೆ ನೀನು.

ಈಗ ಮುಖ್ಯವಾದ ಮಾತು. ಚೆನ್ನಾಗಿದ್ದ ದನ ದಿಢೀರನೆ ಬಿದ್ದು ಸತ್ತು, ಮೂಗು ಬಾಯಲ್ಲಿ ಕಪ್ಪು ರಕ್ತ ಸೋರಿ, ಆ ರಕ್ತ ಹೆಪ್ಪುಗಟ್ಟದೆ ಇದ್ದರೆ, ಅಂಥದ್ದನ್ನು ಇನ್ನು ಮೇಲೆ ನೀನು ಮುಟ್ಟಕೂಡದು. ಯಾರು ಕರೆದರೂ ಚರ್ಮ ಸುಲಿಯಲು ಹೋಗಕೂಡದು. ಅದು ನೆರಡಿ ರೋಗ, ಇಂಗ್ಲಿಷಿನಲ್ಲಿ ಆಂಥ್ರಾಕ್ಸ್, ನಮ್ಮ ಕಡೆ ದೊಮ್ಮ ಅನ್ನುತ್ತಾರಲ್ಲ, ಅದೇ. ಅದರ ಕ್ರಿಮಿ ಕೈಮೇಲಿನ ಒಂದು ಗೀರಿನಿಂದ ಒಳಗೆ ಹೋದರೂ ಮನುಷ್ಯನನ್ನು ತೆಗೆದುಬಿಡುತ್ತದೆ. ತಾತ ಹಾಗೇ ಹೋದನೇನೋ ಅಂತ ನನಗೆ ಈಗ ಅನುಮಾನ. ನನ್ನ ತಲೆಯ ಮೇಲೆ ಕೈಯಿಟ್ಟು ಭಾಷೆ ಕೊಟ್ಟಿದ್ದೀಯ ಅಂದುಕೋ.

ನಮ್ಮ ಲ್ಯಾಬಿನ ಮೇಡಂ ನನಗೆ ಕೊಟ್ಟಿರುವ ಕೆಲಸವೂ ಇದೇ ರೋಗದ್ದು. ಇಲ್ಲಿ ನಾನೊಂದು ಮದ್ದು ಮಾಡುತ್ತಿದ್ದೇನೆ. ನೋಡಲು ಕಾಡಿಗೆ ಕಲಸಿದ ನೀರಿನ ಹಾಗಿದೆ. ಈ ಮದ್ದನ್ನು ಮೊಟ್ಟಮೊದಲು ಬಯ್ಯಪ್ಪನವರ ಸೀಮೆಹಸುಗಳ ಮೇಲೆಯೇ ನೋಡಬೇಕು ಅಂತ ನನಗೆ ಬಹಳ ಆಸೆ. ಎಷ್ಟು ಕೊಬ್ಬಿವೆ ಅವು! ಅವರಿಗೆ ಮಾತ್ರ ಈಗಲೇ ಹೇಳಬೇಡ. ಡೈರಿಯ ಅಧ್ಯಕ್ಷರು, ಸುಮ್ಮನೆ ಗಾಬರಿ ಬೀಳುತ್ತಾರೆ. ಕೋನಪ್ಪನವರೇ, ನೀವೂ ಹೇಳಬೇಡಿ.

ನೀನು ಹೆದರಬೇಡ ನಾಯ್ನ, ಇದು ಹಸುವಿನ ಮೈಯೊಳಗೆ ಹೋಗುವುದೇ ಇಲ್ಲ. ಕಬ್ಬಿಣವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಮಾಡಿ ನೀರಿನಲ್ಲಿ ತೇಲಿಸಿದ್ದೇವೆ. ಒಂದೊಂದು ಕಣಕ್ಕೂ ಒಂದು ಅಂಟು ಸವರಿದ್ದೇವೆ, ಅದು ನೆರಡಿಯ ಕ್ರಿಮಿಯನ್ನು ಬಿಟ್ಟು ಬೇರೆ ಯಾವುದಕ್ಕೂ ಅಂಟುವುದಿಲ್ಲ. ಹಸುವಿನ ಕಿವಿಯಿಂದ ಒಂದು ಹನಿ ರಕ್ತ ತೆಗೆದು ಅದರಲ್ಲಿ ಕಲಕಿ, ಗಾಜಿನ ಹೊರಗೆ ಆಯಸ್ಕಾಂತ ಹಿಡಿದರೆ ಕಬ್ಬಿಣವೆಲ್ಲ ಗೋಡೆಗೆ ಬರುತ್ತದೆ, ತನ್ನ ಜೊತೆ ಕಳ್ಳನನ್ನೂ ಎಳೆದು ತರುತ್ತದೆ. ಮುಂದೊಂದು ದಿನ ಇದೇ ಕಣದ ಬೆನ್ನಿಗೆ ಔಷಧ ಕಟ್ಟಿ, ಕಾಯಿಲೆ ಎಲ್ಲಿದೆಯೋ ಅಲ್ಲಿಗೇ ಆಯಸ್ಕಾಂತದಿಂದ ಎಳೆದುಕೊಂಡು ಹೋಗಬೇಕು ಅನ್ನುವುದು ಮೇಡಂ ಕನಸು. ಅದಕ್ಕೇ ನಾನು ಮದ್ದು ಅಂದದ್ದು. ಊರಿನ ದನಗಳು ಉಳಿಯಬೇಕು, ಅವನ್ನು ಕೊಯ್ಯುವ ನೀನೂ ಉಳಿಯಬೇಕು, ಅಷ್ಟೇ ನನ್ನ ಆಸೆ.

ಅಮ್ಮನಿಗೆ ಹೇಳು, ದೀಪಾವಳಿಗೆ ಬರುತ್ತೇನೆ.

ನಿನ್ನ ಮಗಳು
ಅಕ್ಕಯಮ್ಮ


ಶಿಡ್ಲಘಟ್ಟ
೫ ಜುಲೈ ೧೯೯೪

ಅಕ್ಕಾ,

ಕ್ಷೇಮ ಅಂತ ಬರೆಯಲು ಕೈ ಬರುತ್ತಿಲ್ಲ. ನೀನು ಅಳದೆ ಓದು. ನಾನು ಅತ್ತು ಮುಗಿಸಿ ಬರೆಯುತ್ತಿದ್ದೇನೆ.

ಹೋದ ವಾರ ಅಂಬಾಜಿದುರ್ಗದ ಬುಡದ ಹೊಲದಲ್ಲಿ ಬಯ್ಯಪ್ಪನ ಎರಡು ಸೀಮೆಹಸು ಮೇಯುತ್ತಾ ಮೇಯುತ್ತಾ ಬಿದ್ದು ಸತ್ತವು. ಮೂಗಲ್ಲಿ ಕಪ್ಪು ರಕ್ತ. ಎಳೆದುಕೊಂಡು ಹೋಗಿ ಚರ್ಮ ಸುಲಿ ಅಂತ ನಾಯ್ನನಿಗೆ ಹೇಳಿಕಳಿಸಿದರು. ನಾಯ್ನ ಹೊಲದ ಬದುವಿನ ತನಕ ಹೋಗಿ ಕೈಕಟ್ಟಿ ನಿಂತುಬಿಟ್ಟಿದ್ದಾನೆ. "ನಾನು ಮುಟ್ಟಲ್ಲ ಸ್ವಾಮಿ, ನನ್ ಮಗಳು ಬ್ಯಾಡ ಅಂದವ್ಳೆ" ಅಂದಿದ್ದಾನೆ.

"ನಿನ್ನೆ ಗಂಟ ಕೊಯ್ದೋನು ಇವತ್ಯಾಕ್ಲಾ ಮುಟ್ಟಲ್ಲ? ಒಳಗೇನೈತೆ ಅಂತ ನಿಂಗೊಬ್ಬನಿಗೇ ಗೊತ್ತು, ಅದುಕ್ಕೆ!" ಅಂತ ಬಯ್ಯಪ್ಪ ಎಗರಿದ. ಗುಂಪಿನಲ್ಲಿ ಯಾರೋ, "ಡೈರೀಲಿ ಓದಿದ್ರಲ್ಲಣ್ಣ, ಬೆಂಗ್ಳೂರಾಗೆ ಮಗಳು ಮಂದು ಮಾಡ್ತಾವ್ಳೆ, ಮೊದ್ಲು ನಿನ್ ಹಸೂಗೇ ಹಾಕ್ತಾರಂತೆ" ಅಂದರು. ಅಷ್ಟು ಸಾಕಾಯಿತು.

ಬಾರುಕೋಲು ತಂದರು. ಅಂಗಿ ಹರಿದು ಬೆನ್ನಿನ ಮೇಲೆ ಬಾರಿಸಿದರು. ಚರ್ಮ ಸೀಳಿ ಬಂದರೂ ನಿಲ್ಲಿಸಲಿಲ್ಲ. ಬಾಯಿಗೆ ಒದ್ದಾಗ ಮುಂದಿನ ಹಲ್ಲು ಹೋಯಿತು. ಅಮ್ಮ ಓಡಿಹೋಗಿ ಅಡ್ಡ ಬಿದ್ದರೆ ಅವಳ ಜಡೆ ಹಿಡಿದು ಬದುವಿನ ತನಕ ದರದರ ಎಳೆದು ಬಿಸಾಕಿದರು. ಆಮೇಲೆ ನಾಯ್ನನನ್ನು ಎತ್ತಿ, ಸತ್ತ ಹಸುವಿನ ಹೊಟ್ಟೆಗೆ ಅವನ ಬೆನ್ನು ಒತ್ತಿ, ಕೈ ಮುಂದಕ್ಕೆ ಸೇರಿಸಿ, ಹಗ್ಗ ಬಿಗಿದರು. ಮಂದು ಎಲ್ಲಿಟ್ಟಿದ್ದೀಯ ಹೇಳುವ ತನಕ ನಿನ್ನ ಹೆಣದ ಜೊತೆಯಲ್ಲೇ ಇರು ಅಂದರು. ಬೆಳಿಗ್ಗೆಯಿಂದ ಬಿಸಿಲು ಇಳಿಯುವ ತನಕ ಹಾಗೇ ಇದ್ದ. ಹಸು ಊದಿಕೊಳ್ಳುತ್ತಿತ್ತು, ಹಗ್ಗ ಬಿಗಿಯುತ್ತಿತ್ತು. ನೊಣಗಳಿಗೆ ಇವನಾವನು ಅದಾವುದು ಅನ್ನುವ ಭೇದ ಇರಲಿಲ್ಲವಂತೆ. "ನೇನು ಮಂದು ಪೆಟ್ಟಲೇದು ಸಾಮೀ" ಅಂತ ತೆಲುಗಿನಲ್ಲಿ ಒಂದೇ ಮಾತು ಹೇಳುತ್ತಿದ್ದ. ನಾನು ಮಂದು ಹಾಕಿಲ್ಲ, ನಾನು ಮಂದು ಹಾಕಿಲ್ಲ. ಗಂಟಲು ಬತ್ತಿದ ಮೇಲೆ ತುಟಿ ಮಾತ್ರ ಆಡುತ್ತಿತ್ತು ಅಂತ ಅಮ್ಮ ಹೇಳಿದಳು.

ಪೊಲೀಸರು ಬಂದರು. ಹಗ್ಗ ಬಿಚ್ಚಿದರು. ಹಿಡಿದುಕೊಂಡು ಹೋದದ್ದು ನಾಯ್ನನನ್ನು! ದನಕ್ಕೆ ವಿಷ ಹಾಕಿದ ಕೇಸು. ಹೊಡೆದವರು ಅವರಿಗೆ ಎಳನೀರು ಕೆತ್ತಿ ಕೊಟ್ಟರಂತೆ.

ನಾನು ಸುದ್ದಿ ತಿಳಿದು ಓಡಿ ಹೋದೆ. ಲಾಕಪ್ಪಿನ ಸರಳಿನ ಆಚೆ ಬೋರಲಾಗಿ ಮಲಗಿದ್ದ. ಬೆನ್ನು ಊದಿಕೊಂಡಿದೆ. ಗಾಯಗಳ ನಡುವೆ ಸುಟ್ಟ ಹಾಗೆ ಕಪ್ಪು ಕಪ್ಪಗೆ ಕಟ್ಟಿದೆ, ಸುತ್ತ ನೀರುಗುಳ್ಳೆ. ಡಾಕ್ಟರನ್ನು ಕರೆಸಿ ಅಂದರೆ, "ನಾಟಕ ಆಡ್ತಾನೆ ಬಿಡಯ್ಯ" ಅಂದ ಪೇದೆ. ನಾಯ್ನನೇ ನನಗೆ ಸಮಾಧಾನ ಹೇಳಿದ. ಆ ಗಾಯ ನೋಯುವುದೇ ಇಲ್ಲವಂತೆ. ನನಗೂ ಅದೊಂದೇ ಸಮಾಧಾನ.

ಏನು ಬರೆದಿದ್ದೆ ಅಕ್ಕಾ ನೀನು ಆ ಕಾಗದದಲ್ಲಿ? ಅದು ಈಗ ಪೊಲೀಸರ ಕೈಯಲ್ಲಿದೆ. ಹೋದ ತಿಂಗಳು ಭಾನುವಾರವೂ ನೂಲಿನ ಕೆಲಸವಿತ್ತು, ಊರಿಗೆ ಹೋಗಿರಲಿಲ್ಲ, ನಾನು ಅದನ್ನು ನೋಡಿಲ್ಲ.

ಬೇಗ ಬಾ.

ಚಲಪತಿ


ಬೆಂಗಳೂರು
೩೦ ಜುಲೈ ೧೯೯೪

ಚಲಪತಿ,

ನಿನ್ನ ಕಾಗದದಲ್ಲಿ 'ನೋಯುವುದೇ ಇಲ್ಲವಂತೆ' ಅನ್ನುವ ಸಾಲಿಗೆ ಬಂದವಳು ಮುಂದಕ್ಕೆ ಓದಲಿಲ್ಲ, ಎದ್ದು ಓಡಿದೆ. ನೆರಡಿಯ ಹುಣ್ಣು ಹಾಗೇ ಕಣೋ. ನಡುವೆ ಕಪ್ಪಗೆ, ಸುತ್ತ ಊತ, ನೋವು ಮಾತ್ರ ಇರುವುದಿಲ್ಲ. ಪೆನಿಸಿಲಿನ್ ಚುಚ್ಚಿದ್ದರೆ ಬದುಕುತ್ತಿದ್ದ. ಯಾವ ಸರ್ಕಾರಿ ಆಸ್ಪತ್ರೆಯಲ್ಲೂ ಇರುವ ಔಷಧ. ನನ್ನ ಓದು, ನನ್ನ ಕಪ್ಪು ನೀರು, ಯಾವುದೂ ಬೇಕಾಗಿರಲಿಲ್ಲ. ಚಿಂತಾಮಣಿಯಲ್ಲಿ ಬಸ್ಸಿಳಿದು ಠಾಣೆಗೆ ಬಂದರೆ ಜಗಲಿಯ ಮೇಲೆ ಚಾಪೆಯಲ್ಲಿ ಸುತ್ತಿಟ್ಟಿದ್ದರು.

ಅವತ್ತಿನಿಂದ ನೀನು ನನ್ನ ಜೊತೆ ಮಾತಾಡಿಲ್ಲ. ಹಾಗಾಗಿ ನಾನು ಯಾಕೆ ಹಾಗೆ ಮಾಡಿದೆ ಅಂತ ಬರೆದೇ ತಿಳಿಸಬೇಕು. ಮನೆಯ ಮುಂದೆ ಮೈತೊಳೆಯಲು ನೀರು ತಂದಾಗ ನಾನು ಅಡ್ಡ ನಿಂತೆ. ರಬ್ಬರಿನ ಕೈಗವಸು ಹಾಕಿಕೊಂಡು, ಹತ್ತಿ ಸುತ್ತಿದ ಕಡ್ಡಿಯಲ್ಲಿ ಬೆನ್ನಿನ ಹುಣ್ಣುಗಳ ಒಳಗಿನಿಂದ ಒರೆಸಿ ತೆಗೆದೆ. ಆಮೇಲೆ ಅಂಗೈ, ಬೆರಳ ಸಂದು, ಉಗುರ ಬುಡ, ಮೊಣಕೈ. ಅಮ್ಮ ಎದೆ ಬಡಿದುಕೊಂಡು, "ಸತ್ತೋನ ಮೈಮ್ಯಾಗೂ ಓದ್ತೀಯೇನೇ ಪಾಪಿ, ನಿನ್ ಓದೇ ಅವನ್ನ ತಿಂತಲ್ಲೇ!" ಅಂದಳು. ನೀನು ಕೆನ್ನೆಗೆ ಹೊಡೆದೆ. ಹಲ್ಲು ತಾಗಿ ಬಾಯೊಳಗೆ ರಕ್ತ ಬಂತು, ನುಂಗಿಕೊಂಡು ಕೆಲಸ ಮುಗಿಸಿದೆ. ನೀನು ಹೊಡೆದದ್ದಕ್ಕೆ ನನಗೆ ಬೇಜಾರಿಲ್ಲ. ಅವತ್ತು ಯಾರಾದರೂ ನನ್ನನ್ನು ಹೊಡೆಯಬೇಕಾಗಿತ್ತು.

ಈಗ ಕೇಳು. ಬೆನ್ನಿನ ಕಡ್ಡಿಗಳನ್ನು ತೊಳೆದ ನೀರಿಗೆ ನನ್ನ ಕಬ್ಬಿಣದ ನೀರು ಬೆರೆಸಿ ಕಲಕಿ, ಪಕ್ಕಕ್ಕೆ ಆಯಸ್ಕಾಂತ ಇಟ್ಟೆ. ಗೋಡೆಗೆ ಕಪ್ಪು ಗೆರೆ ಕಟ್ಟಿತು. ಆ ಗೆರೆಯನ್ನು ತೊಳೆದು ಬೆಳೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿದಿರಿನ ಗಣ್ಣು ಜೋಡಿಸಿದ ಹಾಗೆ ಸಾಲಾಗಿ ನಿಂತಿದ್ದವು. ನೆರಡಿ. ಇಷ್ಟು ದಿನ ನಾನು ಇದನ್ನು ಸತ್ತ ಕುರಿಯ ರಕ್ತದಲ್ಲಷ್ಟೇ ಹಿಡಿದಿದ್ದೆ. ಮನುಷ್ಯನ ಮೈಯಿಂದ ಹಿಡಿದದ್ದು ಇದೇ ಮೊದಲು.

ಕೈಯಿಂದ ತೆಗೆದದ್ದರಲ್ಲಿ ಏನೂ ಇರಲಿಲ್ಲ. ಮತ್ತೆ ಮಾಡಿದೆ, ಮೇಡಂ ಪಕ್ಕದಲ್ಲಿ ನಿಂತು ಇನ್ನೊಮ್ಮೆ ಮಾಡಿಸಿದರು. ಏನೂ ಇಲ್ಲ.

ಇದರ ಅರ್ಥ ತಿಳಿಯಿತಾ? ನಾಯ್ನ ಭಾಷೆ ಉಳಿಸಿಕೊಂಡಿದ್ದ. ಆ ಹಸುವನ್ನು ಕೈಯಿಂದ ಮುಟ್ಟಿರಲಿಲ್ಲ. ಕ್ರಿಮಿ ಒಳಗೆ ಹೋದದ್ದು ಅವರು ಬಾರುಕೋಲಿನಲ್ಲಿ ಸೀಳಿ, ಹಸುವಿಗೆ ಒತ್ತಿ ಕಟ್ಟಿದ ಬೆನ್ನಿನಿಂದ. ಹಸು ಸತ್ತದ್ದೂ ಅದರಿಂದಲೇ, ಯಾರ ವಿಷದಿಂದಲೂ ಅಲ್ಲ. ನಾನು ಇದನ್ನು ಕೋರ್ಟಿಗೆ ಕೊಡುತ್ತೇನೆ.

ಅಮ್ಮ ಊಟ ಮಾಡುತ್ತಿದ್ದಾಳಾ?

ಅಕ್ಕ


ಶಿಡ್ಲಘಟ್ಟ
೧೮ ಆಗಸ್ಟ್ ೧೯೯೪

ಅಕ್ಕಾ,

ನಿನ್ನ ಕಾಗದ ತೆಗೆದುಕೊಂಡು ಲಾಯರ ಹತ್ತಿರ ಹೋಗಿದ್ದೆ. ಓದಿದವರೇ ಕನ್ನಡಕ ತೆಗೆದಿಟ್ಟರು. "ಇದನ್ನ ನಿಮ್ಮಕ್ಕ ಇನ್ನೂ ಯಾರಿಗೂ ಕೊಟ್ಟಿಲ್ಲ ತಾನೆ?" ಅಂತ ಮೊದಲು ಕೇಳಿದರು.

ಹೆಣ ಕೊಯ್ದ ಡಾಕ್ಟರು ಬರೆದಿರುವುದು ಹೊಡೆತದ ಗಾಯ, ನಂಜು, ಅಷ್ಟೇ. ಅದರ ಮೇಲೆ ಕೊಲೆ ಕೇಸು ನಿಂತಿದೆ. ಬಯ್ಯಪ್ಪ ಮತ್ತು ಅವನ ಕಡೆಯವರು ಒಳಗಿದ್ದಾರೆ. ನೀನು ಹೋಗಿ ನಮ್ಮ ನಾಯ್ನನಿಗೆ ದನದ ರೋಗ ಇತ್ತು ಅಂದರೆ ಅವರ ಲಾಯರು ಕುಣಿದಾಡುತ್ತಾನೆ. ಹೊಡೆದದ್ದು ನಿಜ, ಸತ್ತದ್ದು ರೋಗದಿಂದ. ಸತ್ತ ದನ ಸುಲಿಯುವವನಿಗೆ ರೋಗ ಬರದೆ ಇನ್ನೇನು ಬರುತ್ತದೆ ಅನ್ನುತ್ತಾನೆ. ಬೆನ್ನು, ಕೈ ಅಂತೆಲ್ಲ ನೀನು ಹೇಳುವುದನ್ನು ಕೇಳುವವರು ಯಾರು?

ನೀನು ನಾಯ್ನನ ಹೆಸರು ಉಳಿಸಬೇಕು ಅನ್ನುತ್ತೀಯ. ಸತ್ತವನು ಹೆಸರು ಇಟ್ಟುಕೊಂಡು ಏನು ಮಾಡುತ್ತಾನೆ? ನನಗೆ ಅವರು ಜೈಲಿನಲ್ಲಿ ಕೊಳೆಯಬೇಕು. ಇಲ್ಲಿ ರೇಷ್ಮೆಗೂಡು ಕುದಿಯುವ ಬಾಣಲೆಗೆ ಕೈಹಾಕಿ ನೂಲಿನ ಎಳೆ ಹುಡುಕುವಾಗ ದಿನವೂ ಒಂದೇ ಯೋಚನೆ. ಬಯ್ಯಪ್ಪನ ಮುಖವನ್ನು ಈ ನೀರಿನಲ್ಲಿ ಒತ್ತಿ ಹಿಡಿಯಬೇಕು. ಅವನು ಒದ್ದಾಡುವುದು ನಿಂತ ಮೇಲೂ ಬಿಡಬಾರದು. ಮೊನ್ನೆ ಹಾಗೆ ಯೋಚಿಸುತ್ತಾ ಕೈ ತೆಗೆಯುವುದನ್ನೇ ಮರೆತೆ. ಮೊಣಕೈ ತನಕ ಬೊಬ್ಬೆ ಬಂದಿದೆ.

ಆ ಕಪ್ಪು ನೀರನ್ನು ಚರಂಡಿಗೆ ಚೆಲ್ಲು. ನಿನ್ನ ಕಾಲಿಗೆ ಬೀಳುತ್ತೇನೆ. ಮದ್ದು ಅಂತ ಬರೆದು ಒಂದು ಸಲ ಕೊಂದೆ, ಇನ್ನೊಂದು ಸಲ ಕೊಲ್ಲಬೇಡ.

ಚಲಪತಿ


ಬೆಂಗಳೂರು
೨ ಸೆಪ್ಟೆಂಬರ್ ೧೯೯೪

ಚಲಪತಿ,

ಕೊಟ್ಟೆ.

ಚೆಲ್ಲಲು ಎರಡು ಸಲ ಸಿಂಕಿನ ತನಕ ಹೋಗಿ ಬಂದೆ. ಆಗಲಿಲ್ಲ ಕಣೋ. ಅವನು ಹಗ್ಗದಲ್ಲಿ ಕಟ್ಟಿಸಿಕೊಂಡು ದಿನವೆಲ್ಲ ಹೇಳಿದ್ದು ಒಂದೇ ಮಾತು. ಅದು ನಿಜ ಅಂತ ತೋರಿಸುವ ವಸ್ತು ಈ ಲೋಕದಲ್ಲಿ ನನ್ನ ಸೀಸೆಯೊಂದೇ. ಅದನ್ನು ಚೆಲ್ಲಿ ಬಯ್ಯಪ್ಪನನ್ನು ಜೈಲಿಗೆ ಕಳಿಸಿದರೆ, ಅವನು ಜೈಲಿನಲ್ಲಿ ಕೂತು, ಹಸುವಿಗೆ ಮಂದು ಹಾಕಿದವನನ್ನು ಹೊಡೆದು ಬಂದೆ ಅಂತ ಎದೆ ಸೆಟೆಸಿ ಹೇಳುತ್ತಿರುತ್ತಾನೆ.

ಬೊಬ್ಬೆಗೆ ಮುಲಾಮು ಕಳಿಸಿದ್ದೇನೆ.

ಅಕ್ಕ


ಬೆಂಗಳೂರು
೨೦ ನವೆಂಬರ್ ೧೯೯೪

ಡೈರಿಯ ಸೆಕ್ರೆಟರಿ ಕೋನಪ್ಪನವರಿಗೆ, ಮುನಿಶಾಮಿಯ ಮಗಳು ಅಕ್ಕಯಮ್ಮ ಮಾಡುವ ನಮಸ್ಕಾರ.

ನಿಮ್ಮ ಮೇಲೆ ಸಿಟ್ಟು ಮಾಡಲು ಬರೆಯುತ್ತಿಲ್ಲ. ಇಸ್ಕೂಲಿಗೆ ಹೋಗುವಾಗ ನನಗೆ ಪೆನ್ಸಿಲ್ ಕೊಟ್ಟವರು ನೀವು. ಒಂದೇ ಒಂದು ವಿಷಯ ತಿಳಿಯಬೇಕು. ನನ್ನ ಕಾಗದದಲ್ಲಿ, ಇದು ಹಸುವಿನ ಮೈಯೊಳಗೆ ಹೋಗುವುದೇ ಇಲ್ಲ, ದನಗಳು ಉಳಿಯಲಿ ಅಂತಲೇ ಮಾಡುತ್ತಿದ್ದೇನೆ ಅಂತ ಬಿಡಿಸಿ ಬರೆದಿದ್ದೆ. ಅದನ್ನು ಕೇಳಿದ ಮೇಲೂ ಊರಿನವರು ಹೀಗೆ ಮಾಡಿದರಾ? ಅಥವಾ ನಾಯ್ನ ಅದನ್ನು ಕೇಳಲೇ ಇಲ್ಲವಾ? ಕಟ್ಟಿಹಾಕಿದಾಗ ಆ ಮಾತು ಅವನ ಬಾಯಲ್ಲಿ ಯಾಕೆ ಬರಲಿಲ್ಲ ಅಂತ ನನಗೆ ನಿದ್ದೆ ಇಲ್ಲ.

ನಿಮ್ಮ
ಅಕ್ಕಯಮ್ಮ


೧೪ ಜನವರಿ ೧೯೯೫

ಅಕ್ಕಯಮ್ಮನಿಗೆ ಕೋನಪ್ಪನ ಆಶೀರ್ವಾದ. ಆಶೀರ್ವಾದ ಮಾಡುವ ಯೋಗ್ಯತೆ ನನಗಿಲ್ಲಮ್ಮ. ಹಬ್ಬದ ದಿನ ಮನೆಯಲ್ಲಿ ಎಲ್ಲ ಎಳ್ಳುಬೆಲ್ಲ ಹಂಚುತ್ತಿದ್ದಾರೆ, ನಾನು ಒಳಗೆ ಕೂತು ಇದನ್ನು ಬರೆಯುತ್ತಿದ್ದೇನೆ.

ಅವತ್ತು ನಿಮ್ಮಪ್ಪ ಕಾಗದ ಹಿಡಿದುಕೊಂಡು ಬಂದಾಗ ಹಾಲಿನ ಸರದಿ ದೊಡ್ಡದಿತ್ತು. ಆದರೂ, "ಒಂಚೂರು ಓದಪ್ಪಾ, ಪಾಪ ಏನ್ ಬರೆದವ್ಳೋ" ಅಂತ ಮೆಟ್ಟಿಲ ಕೆಳಗೆ ನಿಂತ. ನಾನು ಓದುತ್ತಾ ತೆಲುಗಿನಲ್ಲಿ ಹೇಳುತ್ತಾ ಬಂದೆ. ಮದ್ದು ಅಂತ ನೀನು ಬರೆದದ್ದನ್ನು ಮಂದು ಅಂದೆ. ತೆಲುಗಿನಲ್ಲಿ ಅದಕ್ಕೆ ಬೇರೆ ಏನು ಹೇಳಲಿ? ಡಾಕ್ಟರು ಕೊಟ್ಟರೂ ಮಂದೇ, ಅನ್ನದಲ್ಲಿ ಕಲಸಿ ಕೊಂದರೂ ಮಂದೇ. ಮಂದು ಪೆಟ್ಟಿನಾರು ಅಂದರೆ ನಮ್ಮ ಕಡೆ ಜನಕ್ಕೆ ಔಷಧ ನೆನಪಿಗೆ ಬರುವುದಿಲ್ಲ, ನಿನಗೂ ಗೊತ್ತು. ಬಯ್ಯಪ್ಪನ ಹಸು ಅಂತ ಬಂದಾಗ ಎಲ್ಲರೂ ನಕ್ಕರು. ಕೋನಪ್ಪನವರೇ ನೀವೂ ಹೇಳಬೇಡಿ ಅನ್ನುವ ಸಾಲಿಗೆ ನಾನೂ ನಕ್ಕೆ. ಅಷ್ಟರಲ್ಲಿ ಹಾಲಿನ ಲಾರಿ ಹಾರ್ನು ಹೊಡೆಯಿತು. ಮಿಕ್ಕದ್ದು ನಾಳೆ ಓದ್ತೀನಿ ಬಾರಯ್ಯ ಅಂತ ಕಾಗದ ಮಡಿಚಿ ನಿಮ್ಮಪ್ಪನ ಕೈಗೆ ಕೊಟ್ಟೆ. ಅವನು ಮಾರನೆಯ ದಿನ ಬಂದ. ನನಗೆ ಬಿಡುವಿರಲಿಲ್ಲ. ಆಮೇಲೆ ಅವನೂ ಕೇಳಲಿಲ್ಲ, ನಾನೂ ಮರೆತೆ.

ಕೇಳಿದವರು ಮನೆಗೆ ಹೋಗುವಾಗ ನಗು ಡೈರಿಯಲ್ಲೇ ಬಿಟ್ಟು ಮಾತನ್ನು ಮಾತ್ರ ತೆಗೆದುಕೊಂಡು ಹೋದರು.

ಕಟ್ಟಿಹಾಕಿದ ದಿನ ನಾನೂ ಆ ಹೊಲದ ಹತ್ತಿರ ಹೋಗಿದ್ದೆ. ನಿಮ್ಮಪ್ಪ ನನ್ನನ್ನು ನೋಡಿದ. "ಕೋನಪ್ಪಾ, ಕಾಯಿತಂ ಚದುವು, ಪೂರ್ತಿಗಾ ಚದುವು" ಅಂದ. ಕಾಗದ ಪೂರ್ತಿ ಓದು ಅಂತ. ಕಾಗದ ಅವನ ಮನೆಯ ಸೂರಿನಲ್ಲಿತ್ತು. ಓಡಿ ಹೋಗಿ ತಂದು ಓದಬಹುದಾಗಿತ್ತು. ಬಯ್ಯಪ್ಪ ನನ್ನ ಕಡೆ ತಿರುಗಿದ. ನಾನು ತಲೆ ತಗ್ಗಿಸಿ ಮನೆಗೆ ಬಂದೆ.

ಕೋರ್ಟಿಗೆ ಬಾ ಅನ್ನಬೇಡಮ್ಮ. ಬಯ್ಯಪ್ಪ ಒಳಗಿದ್ದರೂ ಅವನ ತಮ್ಮಂದಿರು ಹೊರಗಿದ್ದಾರೆ. ನನಗೆ ಧೈರ್ಯವಿಲ್ಲ. ಅವತ್ತೂ ಇರಲಿಲ್ಲ.

ಕೋನಪ್ಪ


ಕೋಲಾರ
೨೬ ಮಾರ್ಚ್ ೧೯೯೬

ಅಕ್ಕಾ,

ನಿನಗೆ ಬರೆದು ಒಂದೂವರೆ ವರ್ಷವಾಯಿತು. ಕೋರ್ಟಿನ ಹೊರಗೆ ಹುಣಸೇಮರದ ಕೆಳಗೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸರಿಯಿಲ್ಲ.

ನೀನು ಸಾಕ್ಷಿ ಹೇಳಿದ ದಿನ ನಾನು ಹಿಂದಿನ ಬೆಂಚಿನಲ್ಲಿದ್ದೆ, ನಿನಗೆ ಕಾಣಲಿಲ್ಲ. ಅವರ ಲಾಯರು ನಿನ್ನ ಕಾಗದವನ್ನೇ ಓದಿ, "ಹಾಗಾದ್ರೆ ಇದು ಮದ್ದಾ ತಾಯಿ, ಪರೀಕ್ಷೆಯಾ?" ಅಂತ ಹಲ್ಲು ಕಿರಿದ. ನೀನು, "ನನ್ನ ನಾಯ್ನನಿಗೆ ಅರ್ಥವಾಗಲಿ ಅಂತ ಮದ್ದು ಅಂದೆ. ನಿಮಗೆ ಅರ್ಥವಾಗಲಿ ಅಂತ ಏನು ಅನ್ನಬೇಕೋ ಹೇಳಿ, ಅದನ್ನೇ ಅಂತೀನಿ" ಅಂದೆ. ಆವಾಗ ನನಗೆ ಎದ್ದು ಬಂದು ನಿನ್ನ ಕೈ ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ. ತಪ್ಪು ನನ್ನದೇ.

ಇವತ್ತು ತೀರ್ಪಾಯಿತು. ನೀನು ಕೊಟ್ಟದ್ದನ್ನು ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿ ನೋಡಿದ್ದರಲ್ಲ, ನೆರಡಿ ಅನ್ನುವುದನ್ನು ಒಪ್ಪಿದರು. ಬೆನ್ನಿನಲ್ಲಿತ್ತು, ಕೈಯಲ್ಲಿರಲಿಲ್ಲ ಅನ್ನುವುದನ್ನು ಒಪ್ಪಲಿಲ್ಲ. ಸತ್ತವನ ಮಗಳೇ ತೆಗೆದದ್ದು, ಆಯಸ್ಕಾಂತದ ಪರೀಕ್ಷೆ ಇನ್ನೂ ಹೊಸದು, ನಂಬಲಾಗದು ಅಂದರು. ನಿನ್ನ ಮಾತನ್ನು ಇವರೂ ಅರ್ಧ ಓದಿ ಮಡಿಚಿಟ್ಟರು. ಕೊಲೆ ಬಿದ್ದುಹೋಯಿತು. ಹೊಡೆದದ್ದಕ್ಕೆ ಎರಡು ವರ್ಷ, ಇಷ್ಟು ದಿನ ಒಳಗಿದ್ದದ್ದೂ ಅದರಲ್ಲೇ ಸೇರುತ್ತದೆ. ಜೈಲಿನ ಮಾಫಿಯ ದಿನಗಳನ್ನೂ ಕಳೆದರೆ ಇನ್ನೆರಡು ತಿಂಗಳಿಗೇ ಮನೆಗೆ ಬರುತ್ತಾರೆ. ಮುನಿಶಾಮಿ ದನಕ್ಕೆ ವಿಷ ಹಾಕಿಲ್ಲ ಅಂತಲೂ ತೀರ್ಪಿನಲ್ಲಿ ಬರೆದಿದೆಯಂತೆ. ಇಂಗ್ಲಿಷಿನಲ್ಲಿ.

ಊರಿನಲ್ಲಿ ಇಂಗ್ಲಿಷ್ ಓದುವವರು ಯಾರು? ಹೋದ ವಾರ ಅಮ್ಮ ಎಮ್ಮೆಯ ಹಾಲು ತೆಗೆದುಕೊಂಡು ಡೈರಿಗೆ ಹೋದಳು. ಬಯ್ಯಪ್ಪನ ತಮ್ಮ ಬಿಂದಿಗೆ ಕಿತ್ತುಕೊಂಡು, "ಮಂದು ಪೆಟ್ಟೇವಾಳ್ಳ ಹಾಲು ಯಾರಿಗ್ ಬೇಕೇ?" ಅಂತ ಅವಳ ತಲೆಯ ಮೇಲೇ ಸುರಿದ. ಖಾಲಿ ಬಿಂದಿಗೆಯಿಂದ ಹಣೆಗೆ ಹೊಡೆದ. ಹೊಲಿಗೆ ಹಾಕಿಸಿದ್ದೇನೆ. ಕೋನಪ್ಪ ಒಳಗೆ ಹಾಲು ಅಳೆಯುತ್ತಾ ಇದ್ದನಂತೆ.

ಅಮ್ಮ ಹಣೆಗೆ ಬಟ್ಟೆ ಒತ್ತಿಕೊಂಡು ನನಗೆ ಹೇಳಿದ್ದು ಒಂದೇ ಮಾತು. "ಅವ್ರು ಜೈಲಿಗೆ ಹೋದ್ರೇನು ಬಂದ್ರೇನು ಕಣಪ್ಪ. ಅವನು ಹಾಕಿಲ್ಲ ಅಂತ ಆ ಡೈರಿ ಮುಂದೆ ಒಬ್ರು ಹೇಳ್ಲಿ." ಅಕ್ಕಾ, ನೀನು ಒಂದೂವರೆ ವರ್ಷದ ಹಿಂದೆ ಹೇಳಿದ್ದೂ ಇದನ್ನೇ. ನಾನು ಕೇಳಲಿಲ್ಲ.

ಅವರು ಕಟ್ಟಿದ ಜಾಗದ ಮಣ್ಣು ಬೇಕು ಅಂತ ಮೇಡಂ ಕೇಳಿದ್ದರಲ್ಲ. ಡಬ್ಬ, ಕೈಗವಸು ತೆಗೆದುಕೊಂಡು ನೀನೇ ಬಾ. ನಾನು ಜೊತೆಗೆ ಬರುತ್ತೇನೆ. ಯಾರು ಅಡ್ಡ ಬರುತ್ತಾರೋ ನೋಡುತ್ತೇನೆ.

ನಿನ್ನ ತಮ್ಮ
ಚಲಪತಿ


ಬೆಂಗಳೂರು
೧೦ ಜೂನ್ ೧೯೯೬

ಡೈರಿಯ ಸೆಕ್ರೆಟರಿ ಕೋನಪ್ಪನವರಿಗೆ,

ಈ ಕಾಗದವನ್ನು ಚಲಪತಿ ಸಂಜೆ ಹಾಲಿನ ಹೊತ್ತಿಗೆ ತಂದು ನಿಮ್ಮ ಕೈಗೆ ಕೊಡುತ್ತಾನೆ. ಪಕ್ಕದಲ್ಲಿ ನಮ್ಮಮ್ಮ ನಿಂತಿರುತ್ತಾಳೆ. ಮೆಟ್ಟಿಲ ಕೆಳಗೆ ಅಲ್ಲ, ಮೇಲೆ. ನೀವು ಎಲ್ಲರಿಗೂ ಕೇಳಿಸುವ ಹಾಗೆ ಓದಬೇಕು. ಚಲಪತಿಗೂ ಓದಲು ಬರುತ್ತದೆ, ಆದರೆ ಅರ್ಧಕ್ಕೆ ಬಿಟ್ಟವರು ನೀವು, ಮುಗಿಸಬೇಕಾದವರೂ ನೀವೇ. ಲಾರಿ ಹಾರ್ನು ಹೊಡೆದರೆ ಹೊಡೆದುಕೊಳ್ಳಲಿ.

ಹಾಲು ಹಾಕಲು ಬಂದವರೇ, ಕೇಳಿ. ಬೆಟ್ಟದ ಬುಡದಲ್ಲಿ ಬಯ್ಯಪ್ಪನವರ ಹಸು ಸತ್ತ ಹೊಲದ ಮಣ್ಣನ್ನು ತಂದು ಪರೀಕ್ಷೆ ಮಾಡಿದೆ. ನನ್ನ ಅಪ್ಪನನ್ನು ನೀವು ಕಟ್ಟಿದ ಜಾಗ ಅದು, ಗುರುತು ಎಲ್ಲರಿಗೂ ಇದೆ. ಆ ರೋಗ ಆ ಮಣ್ಣಿನಲ್ಲಿ ಈಗಲೂ ಜೀವಂತ ಇದೆ. ಮಳೆಗೆ ಕೊಚ್ಚಿಹೋಗುವುದಿಲ್ಲ, ಬಿಸಿಲಿಗೆ ಒಣಗಿ ಸಾಯುವುದಿಲ್ಲ. ಇವತ್ತು ನಿಮ್ಮ ಜೊತೆ ನಿಂತಿರುವ ಮಕ್ಕಳು ಮುದುಕರಾದರೂ ಅದು ಅಲ್ಲೇ ಕಾದಿರುತ್ತದೆ. ಆ ಹುಲ್ಲು ಮೇಯಿಸಬೇಡಿ, ಆ ನೆಲ ಉಳಬೇಡಿ, ಬೇಲಿ ಹಾಕಿ. ದನದ ಆಸ್ಪತ್ರೆಯಲ್ಲಿ ಲಸಿಕೆ ಇದೆ, ಪ್ರತಿ ವರ್ಷ ಹಾಕಿಸಿ. ದಿಢೀರನೆ ಸತ್ತ ದನವನ್ನು ಕೊಯ್ಯಬೇಡಿ, ಯಾರಿಂದಲೂ ಕೊಯ್ಯಿಸಬೇಡಿ, ಆಳವಾಗಿ ಗುಂಡಿ ತೋಡಿ ಸುಣ್ಣ ಸುರಿದು ಹೂಳಿ. ಮೈಮೇಲೆ ನಡುವೆ ಕಪ್ಪಾಗಿ ನೋಯದೆ ಇರುವ ಹುಣ್ಣು ಕಂಡರೆ ಅವತ್ತೇ ಆಸ್ಪತ್ರೆಗೆ ಓಡಿ. ಬದುಕುತ್ತೀರಿ. ಅವನೂ ಬದುಕುತ್ತಿದ್ದ.

ಇದನ್ನೆಲ್ಲ ಹೇಳದೆ ಸುಮ್ಮನಿದ್ದರೆ ಏನಾಗುತ್ತದೆ ಅಂತ ನಾನು ಬಹಳ ದಿನ ಯೋಚಿಸಿದೆ. ನೀವು ಒಬ್ಬೊಬ್ಬರಾಗಿ ಆ ಹೊಲಕ್ಕೆ ದನ ಅಟ್ಟುವುದನ್ನು, ಆಮೇಲೆ ಬೋರಲು ಮಲಗುವುದನ್ನು ಕಣ್ಣಾರೆ ಕಂಡ ಹಾಗೆ ಅನ್ನಿಸುತ್ತಿತ್ತು. ಅದು ನನಗೆ ಖುಷಿ ಕೊಡುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನಾನು ಈ ಕೆಲಸ ಹಿಡಿದದ್ದು ಊರಿನ ದನ ಉಳಿಯಲಿ ಅಂತ. ಹಾಗೆಂದು ನಾಯ್ನನಿಗೆ ಬರೆದಿದ್ದೆ. ನೀವು ಓದಿಸಿಕೊಳ್ಳದ ಅರ್ಧದಲ್ಲಿ ಅದೇ ಇತ್ತು.

ಬಯ್ಯಪ್ಪನವರೇ, ನೀವೂ ಇಲ್ಲೇ ಇರುತ್ತೀರಿ. ನಿಮ್ಮ ಉಳಿದ ಹಸುಗಳಿಗೂ ಲಸಿಕೆ ಹಾಕಿಸಿ. ಅವು ಏನೂ ತಪ್ಪು ಮಾಡಿಲ್ಲ.

ಇನ್ನೊಂದು ಸಾಲು ಉಳಿದಿದೆ, ಈ ಡೈರಿಯ ಮುಂದೆ ಒಬ್ಬರಾದರೂ ಹೇಳಲಿ ಅಂತ ನಮ್ಮಮ್ಮ ಕಾದಿರುವ ಮಾತು. ಅದನ್ನು ತೆಲುಗಿನಲ್ಲೇ ಬರೆಯುತ್ತೇನೆ ಕೋನಪ್ಪನವರೇ, ತಿರುಗಿಸಿ ಹೇಳುವ ಕಷ್ಟ ನಿಮಗೆ ಬೇಡ. ಇದ್ದದ್ದು ಇದ್ದ ಹಾಗೆ ಓದಿ, ಗಟ್ಟಿಯಾಗಿ.

ಮಾ ನಾಯ್ನ ಎವುರಿ ಆವುಕೂ ಮಂದು ಪೆಟ್ಟಲೇದು.

ಮುನಿಶಾಮಿಯ ಮಗಳು
ಅಕ್ಕಯಮ್ಮ